ಹಳೇ ಕಾರಿಗೆ ಎಲ್‌ಇಡಿ ಹಾಕೋ ಮುಂಚೆ

ನಮಸ್ಕಾರ. ಹಳೆಯ ಸಣ್ಣ ಕಾರಿನ ಕೆಲಸ ನಾವೇ ಮಾಡಿಕೊಳ್ಳೋಣ ಅನ್ನುವವರಿಗೆ ಇವತ್ತಿನ ಮಾತು. ಅಪ್‌ಗ್ರೇಡ್ ಅಂದ ಕೂಡಲೇ ಅಲಾಯ್ ವೀಲ್, ಎಲ್‌ಇಡಿ, ದೊಡ್ಡ ಸ್ಕ್ರೀನ್ ಇವೇ ನೆನಪಾಗುತ್ತವೆ, ಅಲ್ವಾ? ನಾನು ಇದನ್ನು ಒಪ್ಪುವುದಿಲ್ಲ. 20 ವರ್ಷ ಓಡಿದ ಕಾರು ಹೊಸದರಲ್ಲಿ ಇದ್ದ ಹಾಗೆ ಈಗ ಇರುವುದಿಲ್ಲ. ಅದು ಕಳೆದುಕೊಂಡದ್ದನ್ನು ಮೊದಲು ವಾಪಸ್ ಕೊಡಿ. ಹೊಸದೇನಿದ್ದರೂ ಆಮೇಲೆ.

ಹೆಡ್‌ಲೈಟನ್ನೇ ತಗೊಳ್ಳಿ. ಮಂಕಾಗಿದೆ ಅಂತ ಎಲ್ಲರೂ ಬಲ್ಬ್ ಬದಲಿಸುತ್ತಾರೆ. ನೀವು ಮೊದಲು ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಓಡುತ್ತಿರಲಿ, ಲೈಟ್ ಹಾಕಿ. ಬ್ಯಾಟರಿಯ ಮೇಲೆ ಸುಮಾರು 14 ವೋಲ್ಟ್ ಇರುತ್ತದೆ. ಈಗ ಬಲ್ಬ್ ಉರಿಯುತ್ತಿರುವಾಗಲೇ ಅದರ ಹಿಂದಿನ ಪಿನ್‌ಗಳಲ್ಲಿ ಅಳೆಯಿರಿ. 12ರ ಹತ್ತಿರ ತೋರಿಸಿತಾ? ಹಾಗಾದರೆ ತಪ್ಪು ಬಲ್ಬಿನದ್ದಲ್ಲ. ಹಳೇ ಕಾರುಗಳಲ್ಲಿ ಇರುವ ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಹೆಚ್ಚುಕಡಿಮೆ ಶೇಕಡಾ 30 ಇಳಿಯುತ್ತದೆ!

ಆ ವೋಲ್ಟ್ ಎಲ್ಲಿ ಹೋಯಿತು? ಎಷ್ಟೋ ಹಳೇ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಮೂಲಕವೇ ಹಾದು ಬರುತ್ತದೆ. ಎರಡು 55 ವ್ಯಾಟ್ ಬಲ್ಬ್ ಅಂದರೆ ಸುಮಾರು 9 ಆಂಪಿಯರ್. ಸಣ್ಣ ವೈರು, ಸವೆದ ಸ್ವಿಚ್ಚು, ತುಕ್ಕು ಹಿಡಿದ ಅರ್ತ್ (ಕರೆಂಟ್ ವಾಪಸ್ ಹೋಗಲು ಬಾಡಿಗೆ ಬಿಗಿದ ವೈರು) ಎಲ್ಲವೂ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಅರ್ತ್ ಬಿಚ್ಚಿ, ಬಾಡಿಯ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿಯಾಗಿ ಕೂರಿಸಿ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಕೊಟ್ಟು, ರಿಲೇ ಹಾಕಿ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಹಳೇ ಸ್ವಿಚ್ಚು ಇನ್ನು ಮೇಲೆ ರಿಲೇಯನ್ನು ಮಾತ್ರ ಎಬ್ಬಿಸುತ್ತದೆ. ಅದೇ ಬಲ್ಬ್, ಆದರೆ ರಸ್ತೆ ಚೆನ್ನಾಗಿ ಕಾಣುತ್ತದೆ. ನನ್ನ ಪ್ರಕಾರ ಹಳೇ ಕಾರಿಗೆ ಇದಕ್ಕಿಂತ ಒಳ್ಳೆ ಅಪ್‌ಗ್ರೇಡ್ ಇಲ್ಲ.

ಎಲ್‌ಇಡಿ ಯಾಕೆ ಬೇಡ? ಆ ರಿಫ್ಲೆಕ್ಟರ್ ಮಾಡಿರುವುದು ಹ್ಯಾಲೊಜೆನ್ ಬಲ್ಬಿನ ಫಿಲಮೆಂಟ್ (ಒಳಗೆ ಉರಿಯುವ ತಂತಿ) ಇರುವ ಜಾಗದ ಲೆಕ್ಕದಲ್ಲಿ. ಬೆಳಕು ಹುಟ್ಟುವ ಜಾಗ ಸ್ವಲ್ಪ ಬದಲಾದರೂ ಅದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನಮಗೆ ಕಾಣಲಿ ಅಂತ ಇನ್ನೊಬ್ಬರನ್ನು ಕುರುಡು ಮಾಡುವುದು ಸರಿಯಲ್ಲ.

ಇನ್ನು ಬ್ರೇಕ್ ಫ್ಲೂಯಿಡ್. ಬ್ರೇಕ್ ಹಿಡಿಯುತ್ತಿದೆಯಲ್ಲ ಅಂತ ಜನ ಇದನ್ನು ಮುಟ್ಟುವುದೇ ಇಲ್ಲ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ಅನ್ನುವ ದರ್ಜೆಯ ಹೊಸ ಫ್ಲೂಯಿಡ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಸೇರಿದ ಮೇಲೆ ಅದು 140ರ ಆಸುಪಾಸಿಗೆ ಇಳಿಯಬಹುದು. ಉದ್ದನೆಯ ಇಳಿಜಾರಿನಲ್ಲಿ ಫ್ಲೂಯಿಡ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಬ್ಲೀಡಿಂಗ್, ಅಂದರೆ ಹಳೇ ಫ್ಲೂಯಿಡ್ ಮತ್ತು ಗಾಳಿ ಹೊರಗೆ ತೆಗೆಯುವ ಕೆಲಸ, ಮಾಡಿ ಅಭ್ಯಾಸ ಇಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ಯಾವತ್ತೂ ನುಗ್ಗಬೇಡಿ. ಸ್ಟ್ಯಾಂಡ್ ಕೊಡಿ. ಏರ್‌ಬ್ಯಾಗಿನ ವೈರಿಗೆ ಕೈ ಹಾಕಲೇಬೇಡಿ.

ಅಲಾಯ್ ವೀಲ್ ಬೇಕೇ ಬೇಕು ಅನ್ನುವವರು ಮೊದಲು ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದಿ. ಡಾಟ್ (DOT) ಅಂತ ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2314 ಅಂದರೆ 2014ರ 23ನೇ ವಾರ ತಯಾರಾದದ್ದು. ಅಷ್ಟು ಹಳೇ ರಬ್ಬರು ಗಟ್ಟಿಯಾಗಿರುತ್ತದೆ. ಮೇಲೆ ಗೆರೆ ಎಷ್ಟೇ ಆಳ ಇದ್ದರೂ ಒದ್ದೆ ರಸ್ತೆಯಲ್ಲಿ ಹಿಡಿತ ಸಿಗುವುದಿಲ್ಲ. ವೀಲಿಗೆ ಅಂತ ತೆಗೆದಿಟ್ಟ ದುಡ್ಡನ್ನು ಟೈರಿಗೆ ಹಾಕಿ.