ಕೊಳಗದ ಬಾಯಿ ಎಷ್ಟು ಅಗಲ?

ಎಲ್ಲರಿಗೂ ನಮಸ್ಕಾರ.

ಘಟ್ಟದ ಕೆಳಗಿನವನನ್ನು ಶಿರಸಿಗೆ ಕರೆಸಿ ಮಾತಾಡಿಸುತ್ತಿದ್ದೀರಿ, ಖುಷಿಯಾಯ್ತು. ಬರುವಾಗ ಬಸ್ಸಿನಲ್ಲೇ ಟಿಪ್ಪಣಿ ಮಾಡಿಕೊಳ್ಳೋಣ ಅಂದುಕೊಂಡಿದ್ದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಪೆನ್ನು ಒಂದು ಕಡೆ, ಹಾಳೆ ಒಂದು ಕಡೆ ಆಯ್ತು. ಹಾಗಾಗಿ ಚೀಲದಲ್ಲಿದ್ದ ವಿದ್ಯಾರ್ಥಿಗಳ ಹಾಳೆಗಳನ್ನೇ ಹಿಡಿದುಕೊಂಡು ನಿಂತಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ, ಮಕ್ಕಳಿಗೆ ಹಾಗಂತ ಮಾತು ಕೊಟ್ಟು ಬಂದಿದ್ದೇನೆ.

ನಾನು ಅಂಕೋಲೆ ಕಡೆಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವನು. ಅಧಿಕಾರ ಮತ್ತು ವರ್ಗ ಅಂತ ಒಂದು ಪಾಠ ಇದೆ. ಮಕ್ಕಳು ಗೈಡ್ ನೋಡಿ ಬರೆಯುತ್ತಾರೆ, ನಾನು ಗೈಡ್ ನೋಡಿ ಮಾರ್ಕ್ಸ್ ಹಾಕುತ್ತೇನೆ, ಇಬ್ಬರಿಗೂ ತೊಂದರೆ ಇಲ್ಲ. ಈ ಸಲ ಸುಮ್ನೆ ಒಂದು ಪ್ರಯೋಗ ಮಾಡಿದೆ. ಹಳೆಯ ಕಾಲದ ಎರಡು ಸಂಗತಿಗಳನ್ನು ನಾನೇ ಕನ್ನಡದಲ್ಲಿ ಬರೆದು ಕೊಟ್ಟೆ. ಓದಿ, ಒಂದು ಪುಟ ಬರೆಯಿರಿ, ಪ್ರಶ್ನೆ ಒಂದೇ ಅಂದೆ. ಇದನ್ನು ಓದುವಾಗ ನಿಮಗೆ ಏನು ನೆನಪಾಯ್ತು?

ಮೊದಲನೆಯದು ಗ್ರೀಸಿನ ಅಥೆನ್ಸಿನ ಕಥೆ. ಕ್ರಿಸ್ತಪೂರ್ವ 594ರ ಹೊತ್ತಿಗೆ ಅಲ್ಲಿ ಸಾಲ ಮಾಡಿದ ರೈತರು ಸಾಲ ಕೊಟ್ಟವರ ಆಳಾಗಿ ಹೋಗುತ್ತಿದ್ದರು. ಸೋಲನ್ ಎಂಬಾತನನ್ನು ಎರಡೂ ಕಡೆಯವರು ಒಪ್ಪಿ ಕೂರಿಸಿದರು. ಅವನು ಆ ಸಾಲಗಳನ್ನು ರದ್ದು ಮಾಡಿದ. ಆಮೇಲೆ ಊರಿನ ಗಂಡಸರನ್ನು ನಾಲ್ಕು ವರ್ಗ ಮಾಡಿದ. ಹೇಗೆ ಅಂದರೆ, ಅವರ ಹೊಲದಲ್ಲಿ ವರ್ಷಕ್ಕೆ ಎಷ್ಟು ಅಳತೆ ದವಸ ಬೆಳೆಯುತ್ತದೆ ಅನ್ನುವುದರ ಮೇಲೆ. 500 ಅಳತೆಯವರು ಮೇಲೆ. 300ರವರು ಅವರ ಕೆಳಗೆ. 200ರವರು ಇನ್ನೂ ಕೆಳಗೆ. ಅಷ್ಟೂ ಇಲ್ಲದವರು ಕೊನೆಗೆ. ದೊಡ್ಡ ಹುದ್ದೆಗಳೆಲ್ಲ ಮೇಲಿನವರಿಗೆ. ಕೊನೆಯವರು ಸಭೆಗೆ ಬರಬಹುದು, ನ್ಯಾಯಕ್ಕೆ ಕೂರಬಹುದು, ಅಷ್ಟೇ.

ಇದು ಹುಡುಗರಿಗೆ ಬೋರ್ ಆಗುತ್ತದೆ ಅಂದುಕೊಂಡಿದ್ದೆ. ಒಬ್ಬ ಹುಡುಗನ ಹಾಳೆಯ ಮೊದಲ ಸಾಲು ಹೀಗಿತ್ತು: 'ಸರ್, ಐನೂರು ಕೊಳಗದವರು ನಮ್ಮೂರಲ್ಲೂ ಇದ್ದರಂತೆ. ಆದರೆ ಅಲ್ಲಿ ಕೊಳಗ ಯಾರ ಮನೆಯದು?'

ಕೊಳಗ ಅಂದರೆ ಭತ್ತ ಅಳೆಯುವ ಪಾತ್ರೆ, ಗೊತ್ತಲ್ಲ. ನಾನು ಇಷ್ಟು ವರ್ಷ ಸೋಲನ್ ಪಾಠ ಮಾಡಿದ್ದೇನೆ. ಕೊಳಗ ಯಾರ ಮನೆಯದು ಅಂತ ನಾನೂ ಕೇಳಿಕೊಂಡಿರಲಿಲ್ಲ, ನನ್ನನ್ನು ಯಾರೂ ಕೇಳಿರಲಿಲ್ಲ. ಆ ಹುಡುಗನ ಮನೆಯಲ್ಲಿ ಗೇಣಿಯ, ಅಂದರೆ ಒಡೆಯರ ಗದ್ದೆ ಉತ್ತು ಅವರಿಗೆ ಭತ್ತ ಅಳೆದು ಕೊಡುತ್ತಿದ್ದುದರ ನೆನಪು ಇನ್ನೂ ಇದೆ. ಒಡೆಯರ ಮನೆಯಲ್ಲಿ ಎರಡು ಕೊಳಗ ಇತ್ತಂತೆ. ಗೇಣಿ ಭತ್ತ ಅಳೆದುಕೊಳ್ಳಲು ಒಂದು, ಮಳೆಗಾಲದಲ್ಲಿ ಒಕ್ಕಲಿಗೆ, ಅಂದರೆ ಗೇಣಿದಾರರಿಗೆ, ಭತ್ತ ಸಾಲ ಕೊಡಲು ಇನ್ನೊಂದು. ಯಾವುದು ದೊಡ್ಡದು ಅಂತ ಅವನು ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ, ಅಲ್ವಾ?

ಇಲ್ಲಿ ಸಿದ್ದಾಪುರ ದಾಟಿದರೆ ಸಾಗರ. ಆ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ತಿರುಗಿ ಬಿದ್ದರಲ್ಲ, ಆ ಜಗಳ ಹೊತ್ತಿಕೊಂಡಿದ್ದೇ ಕೊಳಗದ ಅಳತೆಯಿಂದ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದರು, ಬಂಧನವಾದರು, ದೇಶಕ್ಕೆಲ್ಲ ಸುದ್ದಿಯಾಯ್ತು. ನಾವು ಪಾಠದಲ್ಲಿ ಸಮಾಜವಾದ, ಸತ್ಯಾಗ್ರಹ, ಭೂಸುಧಾರಣೆ ಅಂತೆಲ್ಲ ಹೇಳುತ್ತೇವೆ. ಕೊಳಗದ ಬಾಯಿ ಎಷ್ಟು ಅಗಲ ಇತ್ತು ಅನ್ನುವಲ್ಲಿಂದ ಶುರು ಮಾಡುವುದಿಲ್ಲ. ಆ ಹುಡುಗ ಅಲ್ಲಿಂದ ಶುರು ಮಾಡಿದ.

ಎರಡನೆಯದು ಇಂಗ್ಲೆಂಡಿನದು. 1647ರ ಅಕ್ಟೋಬರ್ ಕೊನೆ. ಅಂತರ್ಯುದ್ಧದಲ್ಲಿ ರಾಜ ಮೊದಲನೇ ಚಾರ್ಲ್ಸ್ ಸೋತು ಸೆರೆಯಲ್ಲಿದ್ದಾನೆ. ಗೆದ್ದ ಸೈನ್ಯದವರು ಲಂಡನ್ ಹತ್ತಿರದ ಪಟ್ನಿ ಎಂಬಲ್ಲಿ, ಒಂದು ಚರ್ಚಿನಲ್ಲಿ ಕೂತು ವಾದ ಮಾಡುತ್ತಾರೆ. ಇನ್ನು ಮುಂದೆ ಓಟು ಯಾರಿಗೆ? ಕರ್ನಲ್ ರೇನ್‌ಬರೋ ಹೇಳುತ್ತಾನೆ, ತೀರಾ ಬಡವನಿಗೂ ದೊಡ್ಡವನ ಹಾಗೆ ಬದುಕುವ ಒಂದು ಜೀವ ಇದೆ, ಅವನ ಒಪ್ಪಿಗೆ ಇಲ್ಲದೆ ಅವನನ್ನು ಆಳಬಾರದು ಅಂತ. ಆ ಸೈನ್ಯದ ದೊಡ್ಡ ನಾಯಕ ಕ್ರಾಮ್‌ವೆಲ್‌ನ ಅಳಿಯ ಐರ್ಟನ್ ಒಪ್ಪುವುದಿಲ್ಲ. ಈ ದೇಶದಲ್ಲಿ ಗಟ್ಟಿಯಾದ ಆಸ್ತಿ ಇದ್ದವನಿಗೆ ಮಾತ್ರ ಓಟು ಅನ್ನುತ್ತಾನೆ. ಈ ಜಗಳವನ್ನು ಒಬ್ಬ ಗುಮಾಸ್ತ ಶೀಘ್ರಲಿಪಿಯಲ್ಲಿ ಬರೆದಿಟ್ಟಿದ್ದ. ಅದು ಮತ್ತೆ ಬೆಳಕಿಗೆ ಬಂದದ್ದು 1890ರಲ್ಲಿ. ಹತ್ತಿರಹತ್ತಿರ 250 ವರ್ಷ ಕಟ್ಟಿನಲ್ಲೇ ಬಿದ್ದಿತ್ತು.

ರೇನ್‌ಬರೋನ ಮಾತು ಎಲ್ಲರಿಗೂ ಹಿಡಿಸಿತು. ಆದರೆ ಆ ಚರ್ಚೆಯಲ್ಲಿ ಇನ್ನೊಂದು ಸಣ್ಣ ಮಾತು ಬರುತ್ತದೆ. ಪೆಟಿ ಅಂತ ಒಬ್ಬ, ಬಡವರ ಪರವಾಗಿಯೇ ಮಾತಾಡುವವನು. ಅವನೂ ಹೇಳುತ್ತಾನೆ, ಮನೆಯ ಆಳುಗಳಿಗೆ, ಕಸಬು ಕಲಿಯುವ ಹುಡುಗರಿಗೆ, ಭಿಕ್ಷೆ ಬೇಡುವವರಿಗೆ ಓಟು ಬೇಡ ಅಂತ. ಯಾಕೆ? ಅವರು ಇನ್ನೊಬ್ಬರ ಮರ್ಜಿಯಲ್ಲಿ ಇರುವವರು. ಅವರು ಧಣಿಯ ಲೆಕ್ಕದಲ್ಲೇ ಬಂದರು.

ಈ ಸಾಲಿಗೆ ಒಬ್ಬ ಹುಡುಗಿ ಪುಟದ ತುಂಬ ಬರೆದಿದ್ದಾಳೆ. ಅವಳ ಮುತ್ತಜ್ಜಿ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಓಟು ಹಾಕಿದವರು. 1951-52ರ ಆ ಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಮತದಾರರು. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡಬ್ಬಿ, ಮೇಲೆ ಗುರುತಿನ ಚಿತ್ರ. ಮುತ್ತಜ್ಜಿ ಹೋಗಿದ್ದು ಒಡೆಯರ ಗಾಡಿಯಲ್ಲಿ. ಯಾವ ಡಬ್ಬಿ ಅಂತ ಗಾಡಿ ಹೊರಡುವ ಮೊದಲೇ ಜಗಲಿಯ ಕೆಳಗೆ ನಿಲ್ಲಿಸಿ ಹೇಳಿಕೊಟ್ಟಿದ್ದರು. ಚೀಟಿಯನ್ನು ಅದೇ ಡಬ್ಬಿಗೆ ಹಾಕಿ ಬಂದರು. ಹುಡುಗಿ ಬರೆಯುತ್ತಾಳೆ: 'ಪೆಟಿ ಹೇಳಿದ್ದು ಸುಳ್ಳಲ್ಲ. ಮುತ್ತಜ್ಜಿ ಒಡೆಯರ ಲೆಕ್ಕದಲ್ಲೇ ಬಂದಿದ್ದಳು. ನಮ್ಮ ಮನೆಗೆ ಓಟು ಮೊದಲು ಬಂತು, ಗದ್ದೆ ಆಮೇಲೆ ಬಂತು. ಓಟು ನಮ್ಮದಾಗಿದ್ದು ಗದ್ದೆ ಬಂದ ಮೇಲೆ.'

ನನ್ನ ಪ್ರಕಾರ ಪೆಟಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಅವನು ರೋಗ ಸರಿಯಾಗಿ ಹೇಳಿದ, ಮದ್ದು ತಪ್ಪು ಹೇಳಿದ. ಮರ್ಜಿಯಲ್ಲಿ ಇರುವವರ ಓಟು ಕಿತ್ತುಕೊಳ್ಳಬೇಕಾಗಿರಲಿಲ್ಲ, ಮರ್ಜಿಯನ್ನು ಕಿತ್ತು ಹಾಕಬೇಕಿತ್ತು.

ಗದ್ದೆ ಬಂದದ್ದು ಹೇಗೆ ಅಂತ ನಿಮಗೆ ಗೊತ್ತು. ಭೂಸುಧಾರಣೆ ಕಾಯ್ದೆಯಲ್ಲಿ 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ತಾವು ಉಳುವ ಗದ್ದೆ ತಮ್ಮ ಹೆಸರಿಗೆ ಆಗಲಿ ಅಂತ ಗೇಣಿದಾರರು 7ನೇ ನಂಬರ್ ಫಾರಂ ತುಂಬಿ ಕೊಟ್ಟರು. ನಮ್ಮ ಕಡೆ ಈಗಲೂ 'ಡಿಕ್ಲರೇಶನ್ ಕೊಟ್ಟಿದ್ದು' ಅಂತಲೇ ಹೇಳುವುದು. ತಾಲೂಕಿಗೊಂದು ಭೂ ನ್ಯಾಯಮಂಡಳಿ. ಅದರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ ಇರಬೇಕು. ವಕೀಲರಿಗೆ ಪ್ರವೇಶ ಇಲ್ಲ ಅಂತ ಮಾಡಿದ್ದರು, ಆ ನಿಯಮ ಮುಂದೆ ಕೋರ್ಟಿನಲ್ಲಿ ಬಿದ್ದುಹೋಯ್ತು. ಒಡೆಯರೂ ಒಕ್ಕಲೂ ಒಂದೇ ಮೇಜಿನ ಮುಂದೆ ನಿಂತು ಮಾತಾಡಬೇಕಾದ ಜಾಗ ಅದು.

ಇಲ್ಲಿ ನನ್ನ ವಿಷಯ ಹೇಳದಿದ್ದರೆ ಮೋಸ ಆಗುತ್ತದೆ. ನಾನು ಗೇಣಿ ತೆಗೆದುಕೊಳ್ಳುತ್ತಿದ್ದ ಮನೆಯವನು. ದೊಡ್ಡ ಒಡೆಯರೇನಲ್ಲ, ನಾಲ್ಕಾರು ಎಕರೆ. ಅಜ್ಜ ಬೇಗ ತೀರಿಕೊಂಡಿದ್ದರು. ಅಜ್ಜಿ ಆ ಗೇಣಿ ಭತ್ತದಲ್ಲೇ ಮಕ್ಕಳನ್ನು ಸಾಕಿದವಳು. ನಮ್ಮ ಮನೆಯಲ್ಲಿ 1974 ಅಂದರೆ 'ಗದ್ದೆ ಹೋದ ವರ್ಷ'. ಮದುವೆ, ಸಾವು, ದೊಡ್ಡ ಮಳೆ ಎಲ್ಲವನ್ನೂ ಗದ್ದೆ ಹೋಗುವ ಮೊದಲು, ಹೋದ ಮೇಲೆ ಅಂತ ಲೆಕ್ಕ ಹಾಕುತ್ತಿದ್ದರು. ಈ ಹುಡುಗಿಯ ಹಾಳೆಯಲ್ಲಿ ಅದೇ ವರ್ಷ 'ಗದ್ದೆ ಬಂದ ವರ್ಷ'. ಹೋಯ್ತು, ಬಂತು. ಗದ್ದೆ ಎಲ್ಲಿಗೂ ಹೋಗಲಿಲ್ಲ, ಎಲ್ಲಿಂದಲೂ ಬರಲಿಲ್ಲ, ಅಲ್ಲೇ ಇತ್ತು. ಅವಳ ಹಾಳೆ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಜ್ಜಿಯ ದುಃಖ ಸುಳ್ಳಲ್ಲ. ಆದರೆ ಆ ಗದ್ದೆಯಲ್ಲಿ ಅಜ್ಜಿ ಯಾವತ್ತೂ ನಾಟಿ ಮಾಡಿರಲಿಲ್ಲ.

ಇನ್ನೊಬ್ಬ ಹುಡುಗ ಒಂದೇ ಪ್ರಶ್ನೆ ಬರೆದು ಹಾಳೆ ಕೊಟ್ಟ. ಅಂಕೋಲೆಯವರಿಗೆ ಉಪ್ಪಿನ ಸತ್ಯಾಗ್ರಹ ಅಂದರೆ ಎದೆ ಉಬ್ಬುತ್ತದೆ. 1930ರ ಏಪ್ರಿಲ್‌ನಲ್ಲಿ ಎಂ.ಪಿ. ನಾಡಕರ್ಣಿಯವರ ನಾಯಕತ್ವದಲ್ಲಿ ಉಪ್ಪು ಮಾಡಿ ಕಾಯ್ದೆ ಮುರಿದರು. ಆಮೇಲೆ ಕರನಿರಾಕರಣೆ. ಅಂಕೋಲೆ, ಸಿದ್ದಾಪುರ, ನಿಮ್ಮ ಶಿರಸಿ ಎಲ್ಲ ಕಡೆ ಜನ ಕಂದಾಯ ಕಟ್ಟಲಿಲ್ಲ, ಸರ್ಕಾರ ಭೂಮಿ ಜಪ್ತಿ ಮಾಡಿತು, ಹರಾಜು ಹಾಕಿತು. ದೊಡ್ಡ ತ್ಯಾಗ ಅದು, ನಾನು ಹಗುರ ಮಾಡುತ್ತಿಲ್ಲ. ಹುಡುಗನ ಪ್ರಶ್ನೆ: 'ಸರ್ಕಾರಕ್ಕೆ ಕರ ಕೊಡದ ಒಡೆಯರು ಆ ವರ್ಷ ಒಕ್ಕಲಿನಿಂದ ಗೇಣಿ ತೆಗೆದುಕೊಂಡರಾ?'

ಅದಕ್ಕೆ ನಾನು 10ಕ್ಕೆ 10 ಕೊಟ್ಟೆ. ಕ್ಲಾಸಿನಲ್ಲಿ ಓದಿ ಹೇಳಿದಾಗ ಹಿಂದಿನ ಬೆಂಚಿನಲ್ಲಿ ದೊಡ್ಡ ಗಲಾಟೆ ಆಯ್ತು. ದೇಶಕ್ಕಾಗಿ ಭೂಮಿ ಕಳೆದುಕೊಂಡ ಮನೆಯ ಮಕ್ಕಳೂ ಅಲ್ಲಿದ್ದರು. ಅವರಿಗೆ ಸಿಟ್ಟು ಬಂತು, ಬರುವುದೇ. ನಾನು ಇಷ್ಟು ಹೇಳಿದೆ: ಅದೇ ಅಂಕೋಲೆಯ ನೆಲದಲ್ಲಿ, ಹತ್ತು ವರ್ಷದೊಳಗೆ, ದಿನಕರ ದೇಸಾಯಿಯವರು ಗೇಣಿದಾರರನ್ನು ಕಟ್ಟಿಕೊಂಡು ನಿಂತರು. 1940ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ನಾವು ಅವರ ಚುಟುಕಗಳನ್ನು ಬಾಯಿಪಾಠ ಮಾಡಿಸುತ್ತೇವೆ, ಗಡಿಪಾರಿನ ಕಥೆಗೆ ಎರಡು ಸಾಲು ಸಾಕು ಅಂದುಕೊಳ್ಳುತ್ತೇವೆ.

ನನ್ನ ಪ್ರಯೋಗವನ್ನೇ ಕೆಡವಿದ ಹಾಳೆಗಳೂ ಇವೆ. ಒಬ್ಬಳು ಬರೆದಳು, ನೀವು ಕೊಟ್ಟ ಎರಡರಲ್ಲೂ ಹೆಂಗಸರು ಎಲ್ಲಿದ್ದಾರೆ ಸರ್ ಅಂತ. ಇಲ್ಲ. ಅಥೆನ್ಸಿನ ನಾಲ್ಕು ವರ್ಗದಲ್ಲೂ ಇಲ್ಲ, ಪಟ್ನಿಯ ಚರ್ಚಿನಲ್ಲೂ ಇಲ್ಲ. ಅವಳು ಅಲ್ಲಿಗೇ ಬಿಡಲಿಲ್ಲ. ಅವರ ಮನೆಯ ಡಿಕ್ಲರೇಶನ್ ಅಜ್ಜನ ಹೆಸರಲ್ಲಿ, ನಾಟಿ ಮಾಡಿದ್ದು ಅಜ್ಜಿ. ಹಾಲಕ್ಕಿ ಸಮುದಾಯದ ಹುಡುಗನೊಬ್ಬ ಬರೆದ: ಗೇಣಿ ಚೀಟಿ ಇದ್ದವರಿಗೆ ಗದ್ದೆ ಬಂತು, ಕೂಲಿಗೆ ಹೋದವರಿಗೆ ಏನು ಬಂತು? ಇನ್ನೊಬ್ಬನದು ಬರೀ ಒಂದು ಸಾಲು. 'ನಮಗೆ ಗದ್ದೆ ಬಂತು, ಜಗಲಿ ಬರಲಿಲ್ಲ.'

ವರ್ಗ ಅಂತ ನಾನು ಪಾಠ ಮಾಡುತ್ತಿದ್ದೆ. ಜಾತಿ ಅನ್ನುವ ಪದವನ್ನೇ ಬಳಸದೆ ಅವನು ಅದನ್ನು ತಂದು ಮೇಜಿನ ಮೇಲೆ ಇಟ್ಟ. ಇಲ್ಲಿ ಕೂತಿರುವ ನಮ್ಮಲ್ಲಿ ಎಷ್ಟು ಜನರ ಮನೆ ಜಗಲಿಗೆ ಯಾರು ಎಲ್ಲಿಯವರೆಗೆ ಬರುತ್ತಿದ್ದರು ಅಂತ ನಮಗೇ ಗೊತ್ತು. ಘಟ್ಟದ ಮೇಲಾದರೂ ಕೆಳಗಾದರೂ.

ಸಮಯ ಆಯ್ತು ಅಂತ ಚೀಟಿ ಬಂದಿದೆ. ಒಂದು ವಿಷಯ ಹೇಳಿ ಬಿಡುತ್ತೇನೆ. ಕಳೆದ ಭಾನುವಾರ ನಮ್ಮ ಮನೆಯ ಅಟ್ಟ ಹತ್ತಿ ಹುಡುಕಿದೆ. ಹಳೆಯ ಕೊಳಗ ಒಂದು ಸಿಕ್ಕಿತು, ಹಿತ್ತಾಳೆ ಪಟ್ಟಿ ಹೊಡೆದದ್ದು. ಅಮ್ಮ ಕೆಳಗಿನಿಂದಲೇ ಕೂಗಿದಳು, ಅದು ಗೇಣಿ ಕೊಳಗ ಅಲ್ಲ, ಪೂಜೆ ಕೊಳಗ ಅಂತ. ನಾನು ಏನೂ ಕೇಳಿಯೇ ಇರಲಿಲ್ಲ.

ಬುಧವಾರ ಅದನ್ನು ಕ್ಲಾಸಿಗೆ ತೆಗೆದುಕೊಂಡು ಹೋಗುತ್ತೇನೆ. ಮೊದಲ ಹಾಳೆಯ ಹುಡುಗ ಅವರ ಮನೆಯ ಕೊಳಗ ತರುತ್ತೇನೆ ಅಂದಿದ್ದಾನೆ. ಭತ್ತ ನಾನು ತರಬೇಕಂತೆ.