ಫೋನಿನ ಕೋರ್, ಮನೆಯ ಸರ್ವರ್: 65 ವ್ಯಾಟ್ ಚಾರ್ಜರ್ ಯಾಕೆ ಸಾಲಲ್ಲ?

ಬನ್ನಿ, ನಮಸ್ಕಾರ. ಮೇಜಿನ ಮೇಲಿರೋದು ರಾಸ್ಪ್‌ಬೆರಿ ಪೈ 5, ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್. ಇವತ್ತು ಇದನ್ನ ಮನೆಯ ಸರ್ವರ್ ಮಾಡ್ತಿದ್ದೀವಿ. ಒಳಗೆ ನಾಲ್ಕು ಕಾರ್ಟೆಕ್ಸ್ ಎ76 ಕೋರ್, ಅಂದ್ರೆ ಆರ್ಮ್ ಅನ್ನೋ ಚಿಪ್ ವಿನ್ಯಾಸದ, ಲೆಕ್ಕ ಮಾಡೋ ಭಾಗಗಳು. 2018ರಲ್ಲಿ ಬಂದ ಈ ಕೋರ್ ಹೆಚ್ಚಾಗಿ ಓಡಾಡಿದ್ದು ಫೋನ್‌ಗಳಲ್ಲಿ. ಇದೇ ವಂಶದ ನಿಯೋವರ್ಸ್ ಎನ್1 ಕೋರ್‌ಗಳನ್ನ 64 ಸೇರಿಸಿದ್ರೆ ಅಮೆಜಾನಿನ ಸರ್ವರ್ ಚಿಪ್ ಗ್ರಾವಿಟನ್ 2. ಹಾಗಾಗಿ ಇದನ್ನ ಆಟದ ಸಾಮಾನು ಅನ್ಬೇಡಿ.

ಕೂಲರ್ ಕೂರಿಸೋದು ನೋಡ್ತಾನೇ ಇದ್ದೀರಿ, ಮಾತು ಬೇಕಿಲ್ಲ. ನಾವು ಕರೆಂಟಿಗೆ ಬರೋಣ.

ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರ್ ಇದೆಯಲ್ಲ, ಧಾರಾಳವಾಯ್ತು ಅಂತ ಚುಚ್ಚಿಬಿಡ್ತಾರೆ. ಅದರ ಮೈಮೇಲಿನ ಸಣ್ಣ ಅಕ್ಷರ ಓದಿ. 20 ವೋಲ್ಟಿಗೆ 3.25 ಆಂಪ್, ಅದೇ 65 ವ್ಯಾಟ್. ಆದ್ರೆ 5 ವೋಲ್ಟಿಗೆ? 3 ಆಂಪ್, ಅಂದ್ರೆ 15 ವ್ಯಾಟ್. ಈ ಬೋರ್ಡಿಗೆ ಬೇಕಿರೋದು 5 ವೋಲ್ಟೇ, 5 ಆಂಪ್. 9, 15, 20 ವೋಲ್ಟ್ ಇದ್ದೂ ಇದಕ್ಕೆ ಉಪಯೋಗವಿಲ್ಲ.

ಆಗ ಏನಾಗುತ್ತೆ? ಬೂಟ್ ಆಗುತ್ತೆ, ಅದೇ ಮೋಸ. ಬೋರ್ಡ್ ಮಾತ್ರ ಆದ್ರೆ ಸಾಮಾನ್ಯ ಕೆಲಸಕ್ಕೆ 800 ಮಿಲಿಆಂಪ್ ಸಾಕು. ಆದ್ರೆ ಚಾರ್ಜರ್ 5 ಆಂಪ್ ಕೊಡಲ್ಲ ಅಂತ ಗೊತ್ತಾದ ತಕ್ಷಣ ಯುಎಸ್‌ಬಿ ಪೋರ್ಟ್‌ಗಳಿಗೆಲ್ಲ ಸೇರಿ 600 ಮಿಲಿಆಂಪಿಗೆ ಕಡಿವಾಣ ಬೀಳುತ್ತೆ. ಆ ಪೋರ್ಟಿಗೆ ಚುಚ್ಚಿದ ಎಸ್‌ಎಸ್‌ಡಿ ಡಿಸ್ಕ್ ದೊಡ್ಡ ಫೈಲ್ ಬರೀತಿರೋವಾಗ ಅದಕ್ಕಿಂತ ಜಾಸ್ತಿ ಎಳೆಯಬಹುದು, ನಡುವೆಯೇ ಕಳಚಿಕೊಳ್ಳಬಹುದು. ಡೇಟಾಬೇಸ್ ಹೋಯ್ತು. ಜನ ಬೈಯೋದು ಡಿಸ್ಕನ್ನ! ಬೋರ್ಡಿನ ಸೆಟ್ಟಿಂಗ್ ಇರೋ ಕಾನ್ಫಿಗ್ ಫೈಲಲ್ಲಿ ಒಂದು ಸಾಲು ಹಾಕಿ ಮಿತಿಯನ್ನ 1.6 ಆಂಪಿಗೆ ಏರಿಸಬಹುದು. ಬೇಡ. ಚಾರ್ಜರ್ ಇನ್ನೂ 3 ಆಂಪಿಂದೇ, ವೋಲ್ಟೇಜ್ ಕುಸಿಯುತ್ತೆ. ಕೇಬಲ್ ಅಂಟಿಕೊಂಡೇ ಬರೋ ಇದರದೇ 27 ವ್ಯಾಟಿನ ಅಡಾಪ್ಟರ್ ತಗೊಳ್ಳಿ, ತಲೆನೋವು ಮುಗಿಯುತ್ತೆ.

ಡೆಸ್ಕ್‌ಟಾಪಿಗೆ ಆರ್ಮ್ ಚಿಪ್ ಸಲ್ಲದು ಅನ್ನೋದು ನನ್ನ ಮಾತು. ಅಲ್ಲ, ತಡೀರಿ. 2020ರಲ್ಲಿ ಆಪಲ್ ಕಂಪ್ಯೂಟರ್‌ಗಳಿಗೆ ಎಂ1 ಅನ್ನೋ ಆರ್ಮ್ ಚಿಪ್ ಬಂದ ಮೇಲೆ ಆ ಮಾತು ನಿಲ್ಲಲ್ಲ. ಡೆಸ್ಕ್‌ಟಾಪಿಗೆ ಈ ಬೋರ್ಡ್ ಸಲ್ಲದು, ಅಷ್ಟೇ. ಇನ್ನು ಆರ್ಮ್ ಹುಟ್ಟಿದ್ದೇ ಡೆಸ್ಕ್‌ಟಾಪಿಗಾಗಿ. 1985ರಲ್ಲಿ ಬ್ರಿಟನ್ನಿನ ಕಂಪ್ಯೂಟರ್ ಕಂಪನಿ ಏಕಾರ್ನ್‌ನಲ್ಲಿ ಮೊದಲ ಚಿಪ್ಪನ್ನ ಪರೀಕ್ಷಿಸಿದಾಗ ಕರೆಂಟ್ ಅಳೆಯೋ ಅಮ್ಮೀಟರ್ ಸೊನ್ನೆ ತೋರಿಸ್ತು. ಪವರ್ ಪಿನ್ನಿಗೆ ಕರೆಂಟೇ ಬರ್ತಿರಲಿಲ್ಲ, ಬೇರೆ ಪಿನ್‌ಗಳಿಂದ ಒಳಗೆ ಸೋರಿದ ಚೂರುಪಾರು ಕರೆಂಟಲ್ಲೇ ಚಿಪ್ ಓಡ್ತಿತ್ತು! ಫೋನಿಗೆ ಹೋದದ್ದು ಆಮೇಲೆ, ಈಗಿನದು ತವರಿಗೆ ಬಂದ ಹಾಗೆ.

ಅಯ್ಯೋ, ಬೂಟ್ ಆಗಿಹೋಯ್ತು. ಬೇಗ ಎರಡು ಮಾತು. ಡಾಕರ್ ಇಮೇಜ್, ಅಂದ್ರೆ ಪ್ರೋಗ್ರಾಮಿನ ಸಿದ್ಧ ಪೊಟ್ಟಣ, ಆರ್ಮ್ 64ರದೇ ಇರಲಿ, ಇಂಟೆಲ್ ಇಮೇಜ್ ಹಾಕಿದ್ರೆ ಎಕ್ಸೆಕ್ ಫಾರ್ಮ್ಯಾಟ್ ಎರರ್ ಬರುತ್ತೆ. ಇದರ ಕರ್ನಲ್, ಅಂದ್ರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಮೆಮೊರಿಯನ್ನ ಹಂಚೋ ತುಂಡು ಅಂದ್ರೆ ಪೇಜ್ 16 ಕೆಬಿ, 4 ಕೆಬಿ ಅಂತ ನಂಬಿ ಕಟ್ಟಿದ ಕೆಲವು ಪ್ರೋಗ್ರಾಮ್ ಶುರುವಾಗೋದೇ ಇಲ್ಲ. ಆಗ ಕಾನ್ಫಿಗ್‌ನಲ್ಲಿ ಕರ್ನಲ್8 ಇಮೇಜ್ ಆರಿಸಿ, 4 ಕೆಬಿಗೆ ಬರುತ್ತೆ.

ಕರೆಂಟ್ ಸಾಕಾಗ್ತಿದೆಯಾ ಅಂತ ಹೇಳೋ, ತೆರೆ ಮೇಲಿನ ಕಮಾಂಡ್ ನೋಡಿ. 50005 ಅಂತ ಬಂದ್ರೆ ವೋಲ್ಟೇಜ್ ಈಗಲೇ ಕಡಿಮೆ, ಚಿಪ್ಪಿನ ವೇಗಕ್ಕೂ ಕತ್ತರಿ ಬಿದ್ದಿದೆ. 50000 ಬಂದ್ರೆ ಬೂಟ್ ಆದ ಮೇಲೆ ಯಾವಾಗಲೋ ಹಾಗಾಗಿತ್ತು. ಡಿಸ್ಕಿಗೆ ಬರೆಯೋವಾಗಲೇ ನೋಡಿ, ಸುಮ್ಮನೆ ಕೂತಿದ್ದಾಗ ಅಲ್ಲ. ಇಲ್ಲಿ ಬರೀತಿದೆ... ಸೊನ್ನೆ. ಸರಿ, ಮುಚ್ಚಳ ಹಾಕೋಣ.