ತಂಗಿಗೂ ಒಂದು ಕುರ್ಚಿ

ಎಲ್ಲರಿಗೂ ನಮಸ್ಕಾರ. ಪೋಷಕರ ಸಭೆ ಅಂದರೆ ಅಂಕ ಕೇಳಿಕೊಂಡು ಹೋಗೋದು ಅನ್ನುವುದು ರೂಢಿ. ಇವತ್ತು ಅಂಕಪಟ್ಟಿ ತಂದಿಲ್ಲ. ಹಿಂದಿನ ಸಾಲಿನವರು ಎದ್ದು ಹೋಗುವುದಿದ್ದರೆ ಈಗಲೇ ಹೋಗಬಹುದು, ನಾನು ನೋಡದ ಹಾಗೆ ಇರುತ್ತೇನೆ.

ನಾನು ಮಾಡಿದ ಒಂದು ಎಡವಟ್ಟಿನಿಂದಲೇ ಶುರುಮಾಡುತ್ತೇನೆ. ಹಿಂದೆ ಇಂಥದ್ದೇ ಇನ್ನೊಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಅಲ್ಲಿಯೂ ಪರೀಕ್ಷೆ ಮಾಡಿ ಚುರುಕು ಮಕ್ಕಳನ್ನು ಆರಿಸಿಕೊಳ್ಳುತ್ತಿದ್ದರು. ವಾರ್ಷಿಕ ಪ್ರದರ್ಶನದ ದಿನ ಕುರ್ಚಿ ಹಾಕಿಸುವ ಕೆಲಸ ನನ್ನದು. ವಿದ್ಯಾರ್ಥಿಗೊಂದು, ಅಪ್ಪನಿಗೊಂದು, ಅಮ್ಮನಿಗೊಂದು. ಗಣಿತದ ಮೇಷ್ಟ್ರು ನೋಡಿ, ಲೆಕ್ಕ ಒಂದೂ ತಪ್ಪಿರಲಿಲ್ಲ. ಕಾರ್ಯಕ್ರಮ ಶುರುವಾಗಿ ಅರ್ಧ ಗಂಟೆಯಾದ ಮೇಲೆ ನೋಡುತ್ತೇನೆ, ಬಾಗಿಲಿಗೆ ಒರಗಿಕೊಂಡು ಏಳು ವರ್ಷದ ಒಬ್ಬಳು ನಿಂತಿದ್ದಾಳೆ. ಅವಳ ಅಣ್ಣ ನಮ್ಮ ವಿದ್ಯಾರ್ಥಿ. ಒಳಗೆ ಬಾರಮ್ಮ ಅಂದೆ. ಅವಳು ಕೇಳಿದಳು: "ಸರ್, ನಾನೂ ಪರೀಕ್ಷೆ ಬರೆದಿದ್ದೆ. ಪಾಸಾಗಲಿಲ್ಲ. ಅದಕ್ಕೇ ನಂಗೆ ಕುರ್ಚಿ ಇಲ್ವಾ?"

ನನ್ನ ಕುರ್ಚಿಯನ್ನೇ ಕೊಟ್ಟೆ, ಅದೇನೂ ದೊಡ್ಡ ಮಾತಲ್ಲ. ಆದರೆ ಆ ಮಗು ಕೇಳಿದ್ದು ಕುರ್ಚಿಯ ವಿಷಯವಾಗಿರಲಿಲ್ಲ. ಒಂದೇ ಮನೆಯ ಇಬ್ಬರು ಮಕ್ಕಳ ನಡುವೆ ನಾವು ಗೆರೆ ಎಳೆದಿದ್ದೆವು. ಮನೆಯವರೂ ಗೊತ್ತಿಲ್ಲದೆ ಆ ಗೆರೆಯನ್ನೇ ದಪ್ಪ ಮಾಡುತ್ತಾ ಬಂದಿದ್ದರು.

ಆ ಗೆರೆ ಎಷ್ಟು ಗಟ್ಟಿ ಅನ್ನುವುದಕ್ಕೆ ಒಂದು ಹಳೆಯ ಕತೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬುದ್ಧಿಮತ್ತೆ ಪರೀಕ್ಷೆ ನಡೆಸಿ ಸುಮಾರು 1,500 ಮಕ್ಕಳನ್ನು ಆರಿಸಿದರು, ಅವರ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿದರು. ಪರೀಕ್ಷೆಯಲ್ಲಿ ಗೆರೆ ದಾಟದೆ ಹೊರಗುಳಿದವರಲ್ಲಿ ಇಬ್ಬರು ಹುಡುಗರಿದ್ದರು: ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವರೆಜ್. ಇಬ್ಬರಿಗೂ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು, ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ. ಆಯ್ಕೆಯಾದ ಮಕ್ಕಳಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಹಾಗಂತ ಪರೀಕ್ಷೆಯೇ ಸುಳ್ಳು ಅನ್ನುವುದಿಲ್ಲ. ಆ ಗುಂಪಿನ ಬಹಳ ಮಂದಿ ಚೆನ್ನಾಗಿಯೇ ಓದಿದರು, ಚೆನ್ನಾಗಿಯೇ ದುಡಿದರು. ಪರೀಕ್ಷೆ ಒಂದು ದಿನದ ಒಂದು ಬಗೆಯ ಅಳತೆ. ಊಟದ ಹೊತ್ತಿಗೆ ಅದನ್ನು ಮನೆಯೊಳಗೆ ತರಬೇಕಾಗಿಲ್ಲ.

ಇನ್ನು ಆಯ್ಕೆಯಾಗಿ ಬಂದ ಮಕ್ಕಳ ವಿಷಯ. ಒಂಬತ್ತು ವರ್ಷದ ಹುಡುಗನೊಬ್ಬ ಅವಿಭಾಜ್ಯ ಸಂಖ್ಯೆಗಳು ಯಾಕೆ ಮುಗಿಯುವುದೇ ಇಲ್ಲ ಅಂತ ಬೋರ್ಡಿನ ಮೇಲೆ ನನಗೇ ತೋರಿಸಿಕೊಟ್ಟ. ಹತ್ತು ನಿಮಿಷದ ಮೇಲೆ ಆಟದಲ್ಲಿ ಔಟಾದನೆಂದು ಮೇಜಿನ ಕೆಳಗೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಶೂ ಲೇಸು ಕಟ್ಟಿಕೊಳ್ಳಲು ಅವನಿಗೆ ಇನ್ನೂ ಬರುತ್ತಿರಲಿಲ್ಲ. "ಇಷ್ಟು ಬುದ್ಧಿ ಇದ್ದೂ ಹೀಗಾ ಅಳೋದು?" ಎಂದು ನಾವೆಲ್ಲರೂ ಒಂದಲ್ಲ ಒಂದು ದಿನ ಕೇಳಿದವರೇ. ಅಂಥ ಮಗುವಿನ ಬುದ್ಧಿ ಒಂದು ವಯಸ್ಸಿನದು, ಮನಸ್ಸು ಇನ್ನೊಂದು ವಯಸ್ಸಿನದು, ಕೈಬೆರಳು ಮತ್ತೊಂದು ವಯಸ್ಸಿನದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಟಾ ಹಾಲಿಂಗ್‌ವರ್ತ್ ಕಳೆದ ಶತಮಾನದ ಮೊದಲರ್ಧದಲ್ಲೇ ಇದನ್ನು ಗುರುತಿಸಿದ್ದರು. 1991ರಲ್ಲಿ ಅಮೆರಿಕದ ಕೆಲವು ಶಿಕ್ಷಣತಜ್ಞರು ಮತ್ತು ತಾಯ್ತಂದೆಯರು ಕೂಡಿ, ಪ್ರತಿಭೆ ಅಂದರೆ ಈ ಸಮವಲ್ಲದ ಬೆಳವಣಿಗೆಯೇ ಅಂತ ವ್ಯಾಖ್ಯೆ ಕೊಟ್ಟರು. ಪಾಠದಲ್ಲಿ ಅವನು ದೊಡ್ಡವನಾಗಿರಲಿ, ಮನೆಯಲ್ಲಿ ಒಂಬತ್ತು ವರ್ಷದವನಾಗಿಯೇ ಇರಲು ಬಿಡಿ. ತಟ್ಟೆ ಎತ್ತಿಡಲಿ, ತಂಗಿಯ ಹತ್ತಿರ ಆಟದಲ್ಲಿ ಸೋಲಲಿ.

ಸೋಲು ಅಂದಾಗ ನೆನಪಾಯಿತು. ಇಲ್ಲಿಗೆ ಬರುವ ಪ್ರತಿ ಮಗುವೂ ಹಿಂದಿನ ಶಾಲೆಯಲ್ಲಿ ಮೊದಲನೆಯವರು. ಇಲ್ಲಿ ಎಲ್ಲರೂ ಮೊದಲನೆಯವರಾದ್ದರಿಂದ, ಮೊದಲ ಆರು ತಿಂಗಳಲ್ಲಿ ಮುಕ್ಕಾಲು ತರಗತಿ ಜೀವನದಲ್ಲಿ ಮೊದಲ ಸಲ ನಡುವಿಗೆ ಜಾರುತ್ತದೆ. ಸಣ್ಣ ಕೆರೆಯಲ್ಲಿದ್ದ ದೊಡ್ಡ ಮೀನನ್ನು ದೊಡ್ಡ ಕೆರೆಗೆ ಬಿಟ್ಟ ಹಾಗೆ. ಹರ್ಬರ್ಟ್ ಮಾರ್ಷ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಿಂದ ಇದನ್ನೇ ಅಭ್ಯಾಸ ಮಾಡಿದ್ದಾರೆ: ಅಷ್ಟೇ ಸಾಮರ್ಥ್ಯದ ಮಗು, ಸುತ್ತ ಚುರುಕಿನವರೇ ತುಂಬಿದ್ದರೆ, ತನ್ನನ್ನು ತಾನೇ ಕಡಿಮೆ ಎಂದುಕೊಳ್ಳುತ್ತದೆ. ಆ ಆರು ತಿಂಗಳಲ್ಲಿ ಮಗುವಿನ ಕಣ್ಣು ನಮ್ಮ ಮುಖದ ಮೇಲಿರುವುದಿಲ್ಲ, ನಿಮ್ಮ ಮುಖದ ಮೇಲಿರುತ್ತದೆ. ಗೇಟಿನ ಹತ್ತಿರ ಕೇಳುವ ಮೊದಲ ಪ್ರಶ್ನೆ ಯಾವುದು? "ಎಷ್ಟು ಬಂತು? ಅವನಿಗೆಷ್ಟು ಬಂತು?" ಇದರ ಬದಲು "ಇವತ್ತು ಯಾರ ಪಕ್ಕ ಕೂತಿದ್ದೆ?" ಅಂತ ಕೇಳಿ ನೋಡಿ. ಮೊದಮೊದಲು ಉತ್ತರ ಬರುವುದಿಲ್ಲ, ಮಕ್ಕಳಿಗೆ ಅನುಮಾನ. ವಾರ ಕಳೆದ ಮೇಲೆ ಬರುತ್ತದೆ.

ಅದಕ್ಕೆ ಉತ್ತರ ಬರುವುದೇ ನಮ್ಮಂಥ ಶಾಲೆಯ ದೊಡ್ಡ ಲಾಭ ಅಂತ ನನ್ನ ಎಣಿಕೆ. ತನ್ನ ಜೋಕಿಗೆ ನಗುವವರೇ ಇಲ್ಲದೆ ನಾಲ್ಕು ವರ್ಷ ಕಳೆದ ಮಗುವಿಗೆ, ನಗುವ ಇನ್ನೊಬ್ಬರು ಸಿಗುವುದಿದೆಯಲ್ಲ, ಅದನ್ನು ಯಾವ ಪಠ್ಯಕ್ರಮವೂ ಕೊಡಲಾರದು. ವಯಸ್ಸು ಒಂದೇ ಇರಬೇಕೆಂದೂ ಇಲ್ಲ. ಹದಿಮೂರರವಳೂ ಹತ್ತರವಳೂ ಜೀವದ ಗೆಳತಿಯರಾಗಿದ್ದನ್ನು ನೋಡಿದ್ದೇನೆ. ಗಾಬರಿಯಾಗಬೇಡಿ. ದಯವಿಟ್ಟು ಆ ಗೆಳತಿಯ ಅಂಕ ಮಾತ್ರ ವಿಚಾರಿಸಬೇಡಿ.

ಪೋಷಕರು ಶಾಲೆಯಲ್ಲಿ ತೊಡಗಿಕೊಳ್ಳಬೇಕು ಅಂತ ಹೇಳಿದರೆ ಕೆಲವರು ಅದನ್ನು ಬಲು ಗಂಭೀರವಾಗಿ ತೆಗೆದುಕೊಂಡುಬಿಡುತ್ತಾರೆ. ಕೆಲವು ಪ್ರಾಜೆಕ್ಟುಗಳಿಗೆ ಅಂಕ ಮಗನಿಗೆ ಕೊಡಬೇಕೋ ಅಪ್ಪನಿಗೆ ಕೊಡಬೇಕೋ ತಿಳಿಯದೆ ಪೇಚಾಡಿದ್ದೇನೆ. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆಪ್ ಗುಂಪಿನಲ್ಲಿ ಹೋಂವರ್ಕಿನ ಐದನೇ ಪ್ರಶ್ನೆ ಚರ್ಚಿಸುವವರಲ್ಲಿ ಮಕ್ಕಳು ಒಬ್ಬರೂ ಇರುವುದಿಲ್ಲ.

ಇನ್ನು ಕೆಲವರು ಬರುವುದೇ ಇಲ್ಲ. "ನಾನೇನು ಓದಿದವನಲ್ಲ ಸರ್, ನಿಮ್ಮ ಮಕ್ಕಳಿಗೆ ನಾನೇನು ಹೇಳಲಿ?" ಎಂದಿದ್ದರು ಒಬ್ಬರು. ಎಲೆಕ್ಟ್ರಿಷಿಯನ್ ಕೆಲಸದವರು. ಬಲವಂತ ಮಾಡಿ ಕರೆಸಿದೆ. ಒಂದು ಹಳೆಯ ಸೀಲಿಂಗ್ ಫ್ಯಾನ್ ತಂದು ನೇತುಹಾಕಿದರು, ಫ್ಯಾನ್ ತಿರುಗಲು ಶುರುಮಾಡಿಸುವ ಕೆಪ್ಯಾಸಿಟರ್ ತೆಗೆದಿಟ್ಟರು, ಮಕ್ಕಳನ್ನು ದೂರ ನಿಲ್ಲಿಸಿ ಕರೆಂಟು ಕೊಟ್ಟರು. ಫ್ಯಾನ್ ಗುಂಯ್ ಎಂದಿತು, ತಿರುಗಲಿಲ್ಲ. ಉದ್ದನೆಯ ಕೋಲಿನಿಂದ ರೆಕ್ಕೆಯನ್ನು ಎಡಕ್ಕೆ ತಳ್ಳಿದರು, ನಿಧಾನಕ್ಕೆ ಎಡಕ್ಕೆ ತಿರುಗಿತು. ನಿಲ್ಲಿಸಿ ಬಲಕ್ಕೆ ತಳ್ಳಿದರು, ಬಲಕ್ಕೆ ತಿರುಗಿತು! ಆಮೇಲೆ ನಲವತ್ತು ನಿಮಿಷ ಬರೀ ಪ್ರಶ್ನೆ. ಒಂದು ಪ್ರಶ್ನೆಗೆ ಅವರು ತಲೆ ಕೆರೆದುಕೊಂಡು, "ಗೊತ್ತಿಲ್ಲಪ್ಪ, ಬಿಚ್ಚಿ ನೋಡೋಣ" ಅಂದರು. ನನ್ನ ತರಗತಿಯಲ್ಲಿ ದೊಡ್ಡವರೊಬ್ಬರು ಅಷ್ಟು ಸಲೀಸಾಗಿ ಗೊತ್ತಿಲ್ಲ ಅಂದದ್ದು ಅದೇ ಮೊದಲು, ನನ್ನನ್ನೂ ಸೇರಿಸಿ. ಅವರ ಮಗಳು ಅದೇ ತರಗತಿಯಲ್ಲಿದ್ದಳು. ಅಪ್ಪನ ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದುಕೊಂಡಿದ್ದಳು, ಯಾರು ಕೇಳಿದರೂ ಕೊಡಲಿಲ್ಲ.

ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪಿಯಾನೊ ವಾದಕರು, ಈಜುಗಾರರು, ಗಣಿತಜ್ಞರು, ಹೀಗೆ ತಮ್ಮ ತಮ್ಮ ಕ್ಷೇತ್ರದಲ್ಲಿ ಮೇಲೇರಿದ 120 ಮಂದಿಯ ಬಾಲ್ಯವನ್ನು ಕೆದಕಿದರು. ಅವರ ಮೊದಲ ಗುರುಗಳಲ್ಲಿ ಹೆಚ್ಚಿನವರು ಮಹಾ ಪಂಡಿತರೇನಲ್ಲ. ಮಕ್ಕಳ ಜೊತೆ ನಗುನಗುತ್ತಾ ಇದ್ದವರು, ಕಲಿಕೆಯನ್ನು ಆಟದ ಹಾಗೆ ಮಾಡಿದವರು. ಮನೆಗಳಲ್ಲಿ ಹಿಡಿದ ಕೆಲಸವನ್ನು ನೆಟ್ಟಗೆ ಮಾಡುವ ಅಭ್ಯಾಸವಿತ್ತು. ಆ ಎಲೆಕ್ಟ್ರಿಷಿಯನ್ ಈ ಅಧ್ಯಯನ ಓದಿರಲಿಕ್ಕಿಲ್ಲ. ಓದಬೇಕಾದ ಅಗತ್ಯವೂ ಅವರಿಗಿರಲಿಲ್ಲ.

ಸರಿ, ಕೆಲಸದ ಮಾತಿಗೆ ಬರೋಣ. ಬರುವ ಶನಿವಾರ ಗ್ರಂಥಾಲಯದ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವಿದೆ. ಮಕ್ಕಳು ತರಗತಿವಾರು ಕೂರುವುದಿಲ್ಲ, ನೀವೂ ನಿಮ್ಮ ಮಗುವಿನ ಪಕ್ಕದಲ್ಲಿ ಕೂರುವಂತಿಲ್ಲ, ಬೇರೆಯವರ ಮಗುವಿನ ಜೊತೆ. ಅಣ್ಣ, ತಮ್ಮ, ಅಕ್ಕ, ತಂಗಿ, ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರು, ಎಲ್ಲರನ್ನೂ ಕರೆದುಕೊಂಡು ಬನ್ನಿ. ಕುರ್ಚಿ ಹಾಕಿಸುವ ಕೆಲಸ ಈ ಸಲ ನನಗೆ ಕೊಟ್ಟಿಲ್ಲ. ಗೋಂದು ಬೇಕಾದಷ್ಟಿದೆ, ಕತ್ತರಿ ಮಾತ್ರ ಮನೆಯಿಂದ ತನ್ನಿ.